ಮೀಸೆ ಪಣಕ್ಕಿಟ್ಟ ಟೈರು

ಟೈರಿನಂಗಡಿಯ ಬೆಂಚಿನ ಮೇಲೆ ನನ್ನ ಸ್ಕೂಟರಿನ ಪಂಕ್ಚರ್ ರಿಪೇರಿಗಾಗಿ ಕಾದು ಕೂತಿದ್ದೆ. ಎದುರಿಗೆ ಎತ್ತರ ಮಾಡಿಸಿದ ಜೀಪೊಂದು ನಿಂತಿತ್ತು. ಗುಡ್ಡಕ್ಕೂ ಕೆಸರಿಗೂ ಆಗುವಂಥ ದೊಡ್ಡ ಟೈರುಗಳನ್ನು ಮುಂದಿನ ಚಕ್ರಗಳಿಗೆ ಹಾಕಿಸಿ ಒಬ್ಬ ಹೆಂಗಸೂ ಆಕೆಯ ಮೈದುನನೂ ವಾದಕ್ಕೆ ನಿಂತಿದ್ದರು.

"ಒಂದು ಸೈಜು ಸಣ್ಣದು ತಗೊಳ್ಳಿ ಅತ್ತಿಗೆ. ಇದು ಸ್ಟೀರಿಂಗ್ ತಿರುಗಿಸಿದ ಕೂಡ್ಲೇ ಒಳಗಡೆ ಉಜ್ಜುತ್ತೆ."

"ಸಣ್ಣದು ಹಾಕ್ಕೊಂಡೇ ಅಲ್ವಾ ಹೋದ ವಾರ ಹಾಲಿನ ಕ್ಯಾನ್ ಸಮೇತ ಕೆಸರಲ್ಲಿ ಹೂತ್ಕೊಂಡಿದ್ದು?"

"ನಾನೇ ಟ್ರ್ಯಾಕ್ಟರ್ ತಂದು ಎಳೆದೆ. ಒಂದು ಥ್ಯಾಂಕ್ಸೂ ಇಲ್ಲ."

"ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದ್ಯಲ್ಲ, ಸಾಲ್ದಾ? ಇನ್ನೊಂದ್ಸಲ ಹೂತ್ರೆ ಗಾಡಿ ಮಾರಿಬಿಡ್ತೀನಿ ಅಂದಿದ್ದಾರೆ ನಿಮ್ಮಮ್ಮ. ನನ್ನ ಹಾಲಿನ ವ್ಯಾಪಾರ ಅಲ್ಲಿಗೆ ಮುಗೀತು."

"ಇದು ಉಜ್ಜದೇ ಇದ್ರೆ ಮೀಸೆ ಬೋಳಿಸ್ತೀನಿ."

"ಎಲ್ರೂ ಕೇಳಿಸ್ಕೊಂಡ್ರಲ್ಲ?"

ನಾನು ತಲೆಯಾಡಿಸಿದೆ.

ಆಕೆ ಮುಂದಿನ ಒಂದು ಚಕ್ರದ ಮೇಲಿನ ಕಮಾನಿನ ಒಳಗೆಲ್ಲ ಸೀಮೆಸುಣ್ಣ ಬಳಿದಳು. ಆ ಚಕ್ರವನ್ನು ಅಂಗಡಿಯ ಕಟ್ಟೆಯ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದಳು. ಮೈದುನ ಮಂಡಿಯೂರಿ ಟಾರ್ಚು ಬಿಟ್ಟ.

"ಏನಪ್ಪಾ, ಸುಣ್ಣ ಅಳಿಸಿದೆಯಾ?"

"ಇಲ್ಲ... ಅದ್ಹೇಗೆ? ನಿನ್ನೆ ನಾನೇ ಅಳತೆ ಹಿಡಿದಿದ್ದೆ, ತಾಗ್ಲೇಬೇಕಿತ್ತು."

"ನೀನು ಅಳೆದು ಹೋದ್ಮೇಲೆ ಕಮಾನಿನ ಒಳಗಿನ ಪ್ಲಾಸ್ಟಿಕ್ ಕೊಯ್ದು ತೆಗೆದೆ. ನಿಮ್ಮಣ್ಣನ ಗರಗಸದಲ್ಲಿ."

"ಇದು ಮೋಸ ಅತ್ತಿಗೆ!"

"ಬಗ್ಗಿ ನೋಡ್ದೇ ಮೀಸೆ ಕಟ್ಟಿದ್ದು ಯಾರು?" ಆಕೆ ಅಂಗಡಿಯವನ ಕಡೆ ತಿರುಗಿದಳು. "ಸ್ವಾಮಿ, ಹಿಂದಿನ ಎರಡಕ್ಕೂ ಇದೇ ಸೈಜು ಹಾಕಿ."

ನಾಲ್ಕೂ ಚಕ್ರ ಕೂತ ಮೇಲೆ ಆಕೆ ಬಾಗಿಲು ತೆರೆದು ಹಿಡಿದಳು.

"ಹತ್ತು. ದಾರೀಲಿ ಕಟಿಂಗ್ ಶಾಪ್ ಮುಂದೆ ನಿಲ್ಲಿಸ್ತೀನಿ."

ಜೀಪು ಅಂಗಡಿಯ ಕಟ್ಟೆಯನ್ನೇ ಹತ್ತಿಳಿದು ರಸ್ತೆಗೆ ಬಿದ್ದಿತು. ಪಕ್ಕದ ಸೀಟಿನಲ್ಲಿ ಮೈದುನ ಮೂಗಿನ ಕೆಳಗೆ ಕೈ ಅಡ್ಡ ಹಿಡಿದು ಕೂತಿದ್ದ.