ಫ್ಯಾದಮ್ ಅಂದ್ರೆ ಮಾರು

...ಅಯ್ಯೋ, ಊಟ ಆಮೇಲೆ ಮಾಡೋಣ ಕಣೇ, ಮೊದಲು ಇದು ಕೇಳು. ಫ್ಯಾದಮ್! ನಮ್ಮ ಬಂದರಿನ ನಕ್ಷೆಗಳಲ್ಲೆಲ್ಲ ಬರೆದಿರುತ್ತಲ್ಲ, ಅದೇ. ಮದುವೆಗೆ ಮುಂಚಿನಿಂದಲೂ ಹಗ್ಗ ಇಳಿಬಿಟ್ಟು ನೀರಿನ ಆಳ ಅಳೀತಿದೀನಿ, ಆ ಪದ ಎಲ್ಲಿಂದ ಬಂತು ಅಂತ ಒಂದು ದಿನವೂ ಕೇಳಿದೋನಲ್ಲ. ಇವತ್ತು ನಕ್ಷೆ ಆಫೀಸಿನ ಅಜ್ಜ ನಮ್ಮ ದೋಣೀಲಿ ಕೂತಿದ್ದ. ಹುಡುಕೋಕೆ ಅಂತ ಬಂದೋನು, ಬಾಯಿ ಸುಮ್ನಿರಲ್ವಲ್ಲ ಅವನಿಗೆ!

ನೋಡಿಲ್ಲಿ... ನೋಡೇ. ಎರಡೂ ಕೈ ಹೀಗೆ ಚಾಚಿ ಹಗ್ಗ ಹಿಡಿದ್ರೆ ಈ ತುದಿಯಿಂದ ಆ ತುದಿಗೆ ಒಂದು ಮಾರು. ಇಂಗ್ಲಿಷಿನೋರದೂ ಅದೇ ಅಂತೆ! ಫ್ಯಾದಮ್ ಅಂದ್ರೆ ಮಾರು, ಮಾರು ಹಾಕಿ ಆಳ ನೋಡೋದು. ಆಮೇಲಾಮೇಲೆ ಒಬ್ಬರ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಳ್ಳೋದಕ್ಕೂ ಅದನ್ನೇ ಹೇಳೋಕೆ ಶುರು ಮಾಡಿದ್ರಂತೆ. ನಾನಂದೆ, ಅಜ್ಜಾ, ನಮ್ಮನೆಯವಳ ಮನಸ್ಸಿಗೆ ಬಂದರಿನ ಹಗ್ಗ ಪೂರ್ತಿ ಇಳಿಬಿಟ್ರೂ ತಳ ಸಿಗಲ್ಲ ಅಂತ... ನಗಲ್ವಾ? ಹಿಂಗಂದ್ರೆ ಮೂತಿನಾದ್ರೂ ತಿರುವೋಳು, ಇವತ್ತು ಅದೂ ಇಲ್ಲ.

ಗೊತ್ತು ಕಣೇ. ದೋಣಿ ಮಗುಚಿದಾಗಿಂದ ನೀನು ಕಣ್ಣು ಮುಚ್ಚಿಲ್ಲ. ನಿಮ್ಮಮ್ಮ ಹೋದ ಮೇಲೆ ನೀನೇ ಕಂಕುಳಲ್ಲಿ ಎತ್ಕೊಂಡು ಬೆಳೆಸಿದ ತಮ್ಮ ಅವನು. ಆದ್ರೆ ಎಂಥ ಈಜುಗಾರ! ಆಚೆ ದಡ ಹತ್ತಿರ್ತಾನೆ, ಯಾವುದೋ ಹಡಗಿನೋರು ಎತ್ತಿಕೊಂಡಿರ್ತಾರೆ... ಬೆಳಿಗ್ಗೆ ನೀನೇ ತಾನೇ ಹೇಳ್ತಿದ್ದೆ? ಹೇಳು, ಈಗಲೂ ಹೇಳು. ನಾನು ಹೂಂ ಅಂತೀನಿ.

ಏನು? ಏನಾದ್ರೂ ಸಿಕ್ತಾ ಅಂತಾನಾ? ಅಲ್ಲಿ ನೀರು ಆಳ ಅಲ್ವೇನೇ! ಹತ್ತು ಮಾರು, ಹನ್ನೆರಡು ಮಾರು... ಕೆಸರು ಬೇರೆ...

ಹಾಂ, ಮುಖ್ಯವಾದದ್ದೇ ಮರೆತೆ. ಎಲ್ಲಕ್ಕಿಂತ ಮೊದಲು ಆ ಪದಕ್ಕೆ ನೀರಿನ ಗೊಡವೆಯೇ ಇರಲಿಲ್ವಂತೆ. ತಬ್ಬಿಕೊಳ್ಳೋದು. ಅಷ್ಟೇ. ಎರಡು ಕೈ ಚಾಚಿ ಒಬ್ಬರನ್ನ... ಇದನ್ನ ಹೇಳ್ತಾ ಹೇಳ್ತಾ ಅಜ್ಜ ಸುಮ್ಮನಾಗಿಬಿಟ್ಟ. ಯಾಕೆ ಅಂದ್ರೆ? ಯಾಕೂ ಇಲ್ಲ. ವಯಸ್ಸಾಯ್ತಲ್ಲ ಅವನಿಗೂ.

ಹಾಗೇನು ನೋಡ್ತೀಯ? ಅಂಗಿನಾ? ನೀರಿನ ಕೆಲಸದೋನ ಅಂಗಿ ಒದ್ದೆ ಆಗದೆ... ಹೌದಮ್ಮ, ಹೌದು. ಹಗ್ಗ ಎಳೆಯೋನಿಗೆ ತೋಳು ಒದ್ದೆ ಆಗುತ್ತೆ. ಇಷ್ಟು ವರ್ಷ ಒಗೆದೋಳಿಗೆ ಗೊತ್ತಿರಲ್ವಾ? ಎದೆಗೆ ಕೆಸರು ಹತ್ತಲ್ಲ ಅಂತೀಯಾ? ಅದು... ದೋಣೀಲಿ ನೀರು ಚಿಮ್ಮಿ... ಬೇಡ, ಮುಟ್ಟಬೇಡ ಕಣೇ! ತಣ್ಣಗಿದೆ.

ಮಾತಾಡೇ. ಬೈಯೋದಾದ್ರೂ ಬೈಯಿ. ಒಂದು ಸಂಜೆ... ಇದೊಂದು ಸಂಜೆ ಅವನು ಬರ್ತಾನೆ ಅಂತಲೇ ನೀನು ಇರ್ಬೇಕು ಅಂತ...

ನಿಲ್ಲು. ನಿಲ್ಲೇ, ನಾನೂ ಬರ್ತೀನಿ. ಕಟ್ಟೆ ಮೇಲೆ ಮಲಗಿಸಿದೀವಿ. ಅಜ್ಜ ಪಕ್ಕದಲ್ಲೇ ಕೂತಿದಾನೆ. ಬಂದರಿನ ಕಂಬಗಳ ಸಂದೀಲಿ ಸಿಕ್ಕಿಕೊಂಡಿದ್ದ, ನಾವು ದಿನಾ ದೋಣಿ ಕಟ್ಟೋ ಜಾಗದಲ್ಲೇ. ಆಳ ಅಳೆಯೋರಲ್ವಾ ನಾವು, ಇಷ್ಟು ದಿನ ಬರೀ ಆಳದಲ್ಲೇ ಹುಡುಕಿದ್ವಿ. ಅಲ್ಲಿ ನೀರು ನನ್ನ ಗಂಟಲವರೆಗೂ ಇರಲಿಲ್ಲ.

ಎತ್ತಿದ್ದು ನಾನೇ ಕಣೇ. ಬೇರೆ ಯಾರ ಕೈಗೂ ಕೊಡಲಿಲ್ಲ.