ಆಯುಧಪೂಜೆಯ ದಿನ ಚಾರ್ಜಿನಲ್ಲಿದ್ದ ಟ್ರಾಲಿ ಬ್ಯಾಟರಿ

ನನ್ನ ಹೆಸರು ವೆಂಕಟಸ್ವಾಮಿ ಬಿನ್ ಅಂಜಿನಯ್ಯ, ವಯಸ್ಸು 19 ವರ್ಷ, ಬ್ಯಾಟರಿ ವರ್ಕ್‌ಶಾಪಿನಲ್ಲಿ ಕೆಲಸ, ವಾಸ ಬಾಪೂಜಿ ನಗರ, ಮೈಸೂರು ರಸ್ತೆ, ಬೆಂಗಳೂರು. ಈ ಮೂಲಕ ತಿಳಿಸುವುದೇನೆಂದರೆ,

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಎರಡು ಕಡೆ ಕೆಲಸವನ್ನೂ ಬಿಟ್ಟು, ಈಗ ರಾಜಾಜಿನಗರದಲ್ಲಿ ರೇವಣಸಿದ್ದಪ್ಪನವರ ವರ್ಕ್‌ಶಾಪಿನಲ್ಲಿದ್ದೇನೆ. ಕಾರ್ಖಾನೆಗಳಲ್ಲಿ ಸಾಮಾನು ಸಾಗಿಸುವ ಟ್ರಾಲಿಗಳ ಬ್ಯಾಟರಿ ಗುಜರಿಗೆ ಹೋಗುವ ಮೊದಲು ನಮ್ಮಲ್ಲಿಗೆ ಬರುತ್ತದೆ. ನಾವು ತಳದ ಕೆಸರು ತೊಳೆದು, ಕೆಟ್ಟ ಸೆಲ್ ಬದಲಾಯಿಸಿ, ನಿಧಾನವಾಗಿ ಚಾರ್ಜ್ ಕೊಟ್ಟು, ಇನ್ನೆರಡು ವರ್ಷ ಓಡುವಂತೆ ಮಾಡುತ್ತೇವೆ. ಈ ಚಾರ್ಜ್ ಮೂರು ದಿನ ಹಿಡಿಯುತ್ತದೆ. ಕೊನೆಕೊನೆಗೆ ಸೆಲ್ಲುಗಳು ಗುಳ್ಳೆ ಬಿಟ್ಟು ಗ್ಯಾಸ್ ಬರುತ್ತದೆ. ಅದಕ್ಕೆ ಬೆಂಕಿ ಸೋಕಿದರೆ ಸಿಡಿಯುತ್ತದೆ. ಆದ್ದರಿಂದ ಬಾಗಿಲು ಕಿಟಕಿ ತೆಗೆದೇ ಇಡುತ್ತೇವೆ.

ಮೊನ್ನೆ ಆಯುಧಪೂಜೆಗೆ ಎಲ್ಲ ಮೆಷಿನ್ ನಿಲ್ಲಿಸಿ ತೊಳೆದಿದ್ದೆವು. ಒಂದು ಬ್ಯಾಟರಿ ಮಾತ್ರ ಮೂರನೇ ದಿನದ ಚಾರ್ಜಿನಲ್ಲಿತ್ತು. ಇದನ್ನೂ ನಿಲ್ಲಿಸೋಣವೇ ಎಂದು ಕೇಳಿದ್ದಕ್ಕೆ ಮಾಲೀಕರು, ಅರ್ಧಕ್ಕೆ ಬಿಟ್ಟರೆ ಮಾಡಿದ್ದೆಲ್ಲ ಹಾಳು, ಅದರ ಪಾಡಿಗೆ ಅದು ಇರಲಿ ಕಣೋ ಎಂದರು.

ಬೆಳಿಗ್ಗೆ ಹನ್ನೊಂದು ಗಂಟೆಗೆ ಮಾಲೀಕರ ತಾಯಿ ಬಸವರಾಜೇಶ್ವರಿಯವರು ಪೂಜೆಗೆ ಬಂದರು. ನನಗೆ ದಿನಾ ಮಧ್ಯಾಹ್ನದ ಊಟ ಕಳಿಸುವವರು ಅವರೇ. ಗಾಳಿಗೆ ಕರ್ಪೂರ ನಿಲ್ಲುತ್ತಿಲ್ಲ, ಬಾಗಿಲು ಕಿಟಕಿ ಹಾಕಿ ಎಂದರು. ಮಾಲೀಕರೇ ಹಾಕಿದರು. ನಾನು, ಸಾರ್ ಗ್ಯಾಸ್ ಇದೆ ಎಂದೆ. ಎರಡು ನಿಮಿಷ ಇರೋ, ಹಬ್ಬದ ದಿನ ಅಪಶಕುನ ನುಡೀಬೇಡ ಎಂದರು. ಅಮ್ಮನವರು ಲೇತಿಗೆ, ಡ್ರಿಲ್ಲಿಗೆ ಆರತಿ ಎತ್ತಿ ಬ್ಯಾಟರಿಯ ಕಡೆ ತಿರುಗಿ, ಪಾಪ ಇದೂ ದುಡಿಯೋದೇ, ಇದಕ್ಯಾಕೆ ಮೋಸ ಎಂದರು. ಜೊತೆ ಕೆಲಸಗಾರ ಕೆಂಪಯ್ಯನವರು, ಬ್ಯಾಡಿ ಅಮ್ಮಾವ್ರೇ, ಅದರ ಹತ್ರ ಬ್ಯಾಡಿ ಎಂದು ತಟ್ಟೆಗೆ ಅಡ್ಡ ಕೈಯಿಟ್ಟು ಬಾಗಿದರು. ಅಷ್ಟರಲ್ಲಿ ಸಿಡಿಯಿತು. ಎರಡು ಸೆಲ್ ಒಡೆದು ಆಸಿಡ್ ಕೆಂಪಯ್ಯನವರ ಮುಖಕ್ಕೆ ಬಿತ್ತು. ಅಮ್ಮನವರಿಗೆ ಸೆರಗಷ್ಟೇ ಸುಟ್ಟಿತು. ನಾನು ಕೆಂಪಯ್ಯನವರ ಮುಖಕ್ಕೆ ತೊಟ್ಟಿಯ ನೀರು ಸುರಿದು, ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆ. ಎಡಗಣ್ಣು ಹೋಗಿದೆ ಎಂದಿದ್ದಾರೆ. ಬಲಗಣ್ಣಿನ ಬಗ್ಗೆ ಇನ್ನೂ ಏನೂ ಹೇಳಿಲ್ಲ.

ನಿನ್ನೆ ಮಾಲೀಕರು ನಮ್ಮ ಮನೆಗೆ ಬಂದು, ಕೆಂಪಯ್ಯ ಬೀಡಿ ಹಚ್ಚಿದ ಅಂತ ಹೇಳು, ಈ ವಯಸ್ಸಲ್ಲಿ ಅಮ್ಮನನ್ನ ಸ್ಟೇಷನ್ ಮೆಟ್ಟಿಲು ಹತ್ತಿಸ್ತೀಯಾ ಎಂದರು. ಹಾಗೆ ಹೇಳಿದರೆ ತಪ್ಪು ಕೆಂಪಯ್ಯನವರ ತಲೆಗೆ ಬಂದು, ಅವರಿಗೆ ಪರಿಹಾರ ಸಿಗುವುದಿಲ್ಲ ಎಂದೆ. ಸ್ಕೂಲಲ್ಲಿ ನಿಲ್ಲಲಿಲ್ಲ, ಎಲ್ಲೂ ನಿಲ್ಲಲಿಲ್ಲ, ಇಲ್ಲಿ ಮಾತ್ರ ಹೇಗೆ ನಿಲ್ತೀಯ ಬಿಡು ಎಂದು ಹೊರಟುಹೋದರು.

ಕೆಂಪಯ್ಯನವರ ಬಾಯಲ್ಲಾಗಲಿ ಕೈಯಲ್ಲಾಗಲಿ ಬೀಡಿ ಇರಲಿಲ್ಲ. ಅಮ್ಮನವರಿಗೆ ಗ್ಯಾಸಿನ ವಿಷಯ ಗೊತ್ತಿರಲಿಲ್ಲ. ಮಾಲೀಕರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಒಂದು ಸಲ ಹೇಳಿ ಸುಮ್ಮನಾದೆ. ಅದು ಬೇಡ ಬಿಡು ಎಂದು ಈ ಹೇಳಿಕೆ ಬರೆದುಕೊಂಡ ಸ್ಟೇಷನ್ ಸಾಹೇಬರು ಹೇಳಿದರೂ, ಅದನ್ನೂ ಬರೆಯಬೇಕೆಂದು ಕೇಳಿ ಬರೆಸಿದ್ದೇನೆ.

ಬರೆದದ್ದನ್ನು ನಾನೇ ಓದಿಕೊಂಡೆ. ಕಂಡದ್ದು, ಕೇಳಿದ್ದು ಇಷ್ಟೇ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ರಾಜಾಜಿನಗರ
ದಿನಾಂಕ: 23-10-1977
(ಸಹಿ) ವೆಂಕಟಸ್ವಾಮಿ