ಆರ್ಗನ್ನಿನ ತಿದಿ ಒತ್ತಿದವನು

ಅಧ್ಯಕ್ಷತೆ ವಹಿಸಿರುವ ಪಾದ್ರಿ ಕ್ರಾಬ್‌ಟ್ರೀ ಅವರೇ, ನಮ್ಮ ಆರ್ಗನ್ನಿಗೆ ವಿದ್ಯುತ್ ಮೋಟಾರು ಕೊಡಿಸಿದ ಗಿರಣಿ ಮಾಲೀಕರೇ, ಗಾಯನ ವೃಂದದವರೇ, ಚಹಾ ಆರುತ್ತಿದೆಯೆಂದು ಚಡಪಡಿಸುತ್ತಿರುವ ಸಭಿಕರೇ,

ಇಂದು ವಿಲ್ಫ್ರೆಡ್ ಸಟ್‌ಕ್ಲಿಫ್ ಅವರ ಬೀಳ್ಕೊಡುಗೆ. ಹದಿನೆಂಟು ವರ್ಷ ಪರದೆಯ ಹಿಂದೆ ನಿಂತು, ತಿದಿ ಒತ್ತಿ, ಈ ಪ್ರಾರ್ಥನಾ ಮಂದಿರದ ಆರ್ಗನ್ನಿಗೆ ಗಾಳಿ ತುಂಬಿದವರು. ಸೋಮವಾರದಿಂದ ಆ ಕೆಲಸ ಮೋಟಾರಿನದು. ಪ್ರವಚನದ ನಡುವೆ ಮೋಟಾರು ಗೊರಕೆ ಹೊಡೆಯುವುದಿಲ್ಲ! ಪಾದ್ರಿಗಳೇ, ನೀವು ನಗಬೇಡಿ. ತಪ್ಪು ವಿಲ್ಫ್ರೆಡ್‌ನದಲ್ಲ, ಪ್ರವಚನದ್ದು.

ಆದರೆ ಈ ಕಣಿವೆಯಲ್ಲೇ ಇವನಂತೆ ಹಾಡುವ ಕಂಠ ಇನ್ನೊಂದಿಲ್ಲ ಎನಿಸಿಕೊಂಡವನು ಪರದೆಯ ಹಿಂದೆ ಯಾಕೆ ಹೋದ? ಚಿಕ್ಕವರಿಗೆ ಗೊತ್ತಿಲ್ಲ. ದೊಡ್ಡವರು ಬಾಯಿ ಬಿಡುವುದಿಲ್ಲ.

ಮಹಾಯುದ್ಧದ ನಡುವೆ, ಹದಿನಾರನೇ ಇಸವಿಯಲ್ಲಿ, ಗಂಡಸರೆಲ್ಲ ಸೈನ್ಯ ಸೇರಲೇಬೇಕೆಂಬ ಕಾಯಿದೆ ಬಂತು. ಕೊಲ್ಲಲು ಮನಸ್ಸಾಕ್ಷಿ ಒಪ್ಪದವರು ವಿಚಾರಣಾ ಮಂಡಳಿಯ ಮುಂದೆ ಹೇಳಿಕೊಳ್ಳಬಹುದಿತ್ತು. ವಿಲ್ಫ್ರೆಡ್ ಹೇಳಿಕೊಂಡ. ಮಂಡಳಿ ಒಪ್ಪಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ, ಈಗಲೇ ಧೈರ್ಯ ಸಾಲದು.

ಅವನನ್ನು ಶಿಬಿರಕ್ಕೆ ಎಳೆದೊಯ್ದರು. ಮೈಮೇಲಿನ ಬಟ್ಟೆ ಬಿಚ್ಚಿಸಿ, ಎದುರಿಗೆ ಸಮವಸ್ತ್ರ ಇಟ್ಟು, ಚಳಿಯಲ್ಲಿ ಬಿಟ್ಟರು. ಮೂರು ದಿನವಾದರೂ ಅವನು ಅದನ್ನು ಮುಟ್ಟಲಿಲ್ಲ. ಆಮೇಲೆ ಎರಡೂವರೆ ವರ್ಷ ಸೆರೆಮನೆ. ಅಲ್ಲಿ ಕೈದಿಗಳು ಮಾತನಾಡಕೂಡದು. ಅಯ್ಯೋ, ಹಾಡುವವನನ್ನು ಎಂಥಾ ಜಾಗಕ್ಕೆ ಹಾಕಿದರು! ಊರಿಗೆ ಮರಳಿದ ಮೇಲೂ ಮಾತಾಡುವ ಮುನ್ನ ಬಾಗಿಲ ಕಡೆ ನೋಡುತ್ತಿದ್ದ.

ಗಾಯನ ವೃಂದ ಅವನನ್ನು ಸೇರಿಸಲಿಲ್ಲ. "ನನ್ನ ಮಗ ಮಣ್ಣಲ್ಲಿ ಮಲಗಿದಾನೆ, ಈ ಹೇಡಿ ಪಕ್ಕ ನಾನು ನಿಲ್ಲಲ್ಲ" ಎಂದವರು ಬೇರಾರೂ ಅಲ್ಲ, ನನ್ನ ತಾಯಿ. ಫ್ರಾನ್ಸಿನಲ್ಲಿ ಸತ್ತವನು ನನ್ನ ತಮ್ಮ ಜೋಸೆಫ್. ಪರದೆಯ ಹಿಂದಿನ ಕೆಲಸ ಕೊಡಿಸಿದವನು ನಾನೇ. ಎಷ್ಟು ದೊಡ್ಡ ಮನಸ್ಸು ಎಂದು ನೀವೆಲ್ಲ ನನ್ನನ್ನು ಹೊಗಳಿದ್ದೀರಿ.

ಈಗ ಹೇಳಿಬಿಡುತ್ತೇನೆ. ಆ ವಿಚಾರಣೆಯ ದಿನ ನಾನೂ ಅಲ್ಲಿ ಕೂತಿದ್ದೆ. ಮಂಡಳಿಯಲ್ಲಿದ್ದವರೆಲ್ಲ ನನ್ನ ಜವಳಿ ಅಂಗಡಿಯ ಗಿರಾಕಿಗಳು. "ಏನಯ್ಯಾ, ಜರ್ಮನಿಯವನು ನಿನ್ನ ತಂಗಿ ಮೈಮೇಲೆ ಕೈ ಹಾಕಿದ್ರೆ ಹಾಡ್ತಾ ಕೂರ್ತೀಯಾ?" ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. "ಅಡ್ಡ ನಿಲ್ತೀನಿ ಸ್ವಾಮಿ, ಕೊಲ್ಲಲ್ಲ" ಎಂದ ವಿಲ್ಫ್ರೆಡ್.

"ಈ ನಂಬಿಕೆ ಯುದ್ಧಕ್ಕಿಂತ ಮುಂಚೆಯೇ ಇತ್ತು ಅನ್ನೋದಕ್ಕೆ ಸಾಕ್ಷಿ ಯಾರು?"

"ಎನಾಕ್ ಹೋಲ್ರಾಯ್ಡ್. ಅವನನ್ನ ಕೇಳಿ, ಅವನಿಗೆ ಗೊತ್ತು."

ಕೇಳಿದರು. "ನನಗೆ ನೆನಪಿಲ್ಲ" ಎಂದೆ. ಆ ಒಂದು ಮಾತಿಗೆ ಅರ್ಜಿ ಬಿದ್ದುಹೋಯಿತು.

ಸುಳ್ಳು. ಹನ್ನೊಂದನೇ ಇಸವಿ, ಭಾನುವಾರದ ಶಾಲೆಯ ಚಹಾಕೂಟ. ಕಾಲುವೆ ದಂಡೆಯಲ್ಲಿ ನಾವಿಬ್ಬರೇ. "ಯುದ್ಧ ಬಂದ್ರೆ ನಾನು ಹೋಗಲ್ಲ ಕಣೋ ಎನಾಕ್. ಇನ್ನೊಬ್ಬನ ಅಮ್ಮನ್ನ ಅಳಿಸಿ ಬಂದು ಮಂದಿರದಲ್ಲಿ ಹೇಗೆ ಹಾಡ್ಲೋ?" ಅಂದಿದ್ದ. ಕಾರ್ಯದರ್ಶಿಗಳೇ, ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಸಾಕ್ಷಿ ಎನಾಕ್ ಹೋಲ್ರಾಯ್ಡ್. ಇಪ್ಪತ್ತೊಂದು ವರ್ಷ ತಡವಾಗಿ.

ಏಳಬೇಡ ವಿಲ್ಫ್ರೆಡ್, ಕೂತ್ಕೋ. ಕ್ಷಮಿಸು ಅಂತ ಕೇಳೋ ಮುಖ ನನಗಿಲ್ಲ ಕಣೋ.

ಸ್ಮರಣಿಕೆಯ ಗಡಿಯಾರವನ್ನು ನಾನು ಕೊಡಬೇಕೆಂದು ಈ ಕಾರ್ಯಕ್ರಮದ ಪಟ್ಟಿಯಲ್ಲಿದೆ. ದಯವಿಟ್ಟು ಬೇರೆ ಯಾರಾದರೂ ಬಂದು ಕೊಡಿ. ಇಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ ಕೃತಜ್ಞ. ನಮಸ್ಕಾರ.